ನದಿ ದಾಟಿದವನ ಮನೆತನ

ಚಿಕ್ಕೇರೂರು

ನಮ್ಮ ಎತ್ತಿಗೆ ಪಾಸ್‌ಪೋರ್ಟ್ ಸಿಗುವಂತಿರಲಿಲ್ಲ, ಹಾಗಾಗಿ ಅದನ್ನು ತಮ್ಮನ ಕೊಟ್ಟಿಗೆಯಲ್ಲಿ ಕಟ್ಟಿ ನಾನು ಕೊರಿಯಾಕ್ಕೆ ಹೊರಟೆ. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿನ ಒಂದು ವಿಶ್ವವಿದ್ಯಾಲಯದವರು ಹಲವು ದೇಶಗಳ ವಂಶಾವಳಿ ಬಲ್ಲವರ ಸಭೆ ಕರೆದಿದ್ದರು. ಅವರು ಬರೆದ ಕಾಗದದಲ್ಲಿ, ಎತ್ತಿನ ಮೇಲೆ ಕುಳಿತು ವಂಶಾವಳಿ ಹೇಳುವುದನ್ನು ಸಭೆಗೆ ತೋರಿಸಲಾದೀತೇ ಎಂದು ಕೇಳಿದ್ದರು. ಅದನ್ನು ಓದಿ ಹೇಳಿದ ನಜೀರ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಎತ್ತಿಂದು ಫೋಟೋ ಒಯ್ಯೂಣು ಬಿಡ್ರಿ ಫಕ್ಕೀರಪ್ಪ. ವಿಮಾನದಾಗ ಅದಕ್ಕ ಕಿಟಕಿ ಸೀಟ್ ಸಿಗಾಂಗಿಲ್ಲ."

ನಾನು ಹೆಳವರವನು. ಪಟ್ಟಣದ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ನಿಮ್ಮ ಬಾಗಿಲಿಗೆ ಬಂದು, ನಿಮ್ಮ ಮನೆತನದ ಮೂಲ ಊರು ಯಾವುದು, ಅಲ್ಲಿಂದ ಎದ್ದವನು ಯಾರು, ಅವನಿಗೆ ಎಷ್ಟು ಮಕ್ಕಳು, ಯಾರು ಎಲ್ಲಿ ನೆಲೆ ನಿಂತರು ಎಂದೆಲ್ಲ ಹೇಳಿ, ಜೋಳಿಗೆಗೆ ಕಾಳು ಹಾಕಿಸಿಕೊಂಡು ಹೋಗುವವರು ನಾವು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ, ವಂಶಾವಳಿ ಹೇಳಲು ನಮ್ಮ ಮನೆಯ ಪಾಲಿಗೆ ಬಂದ ಮನೆತನಗಳಿವೆ. ಈಗ ಬಹಳಷ್ಟು ಊರಿಗೆ ಮೋಟರ್‌ಸೈಕಲ್ ಮೇಲೆ ಹೋಗಿ, ಊರ ಹೊರಗೆ ಅದನ್ನು ನಿಲ್ಲಿಸಿ, ಗಂಟೆ ಹಿಡಿದು ನಡೆದು ಒಳಗೆ ಬರುತ್ತೇನೆ. ವರ್ಷದ ಉಳಿದ ದಿನ ಸಂತೆಯಲ್ಲಿ ಪ್ಲಾಸ್ಟಿಕ್ ಕೊಡ ಮಾರುತ್ತೇನೆ. ನಾಚಿಕೆಯೇನಿಲ್ಲ.

ನಜೀರ್ ಸರ್ ಸವಣೂರಿನವರು, ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ. ನಮ್ಮ ಹಳೆಯ ವಂಶಾವಳಿ ಪುಸ್ತಕಗಳ ಫೋಟೋ ತೆಗೆಯಲು ಬಂದವರು ಬರಬರುತ್ತ ಮನೆಯವರಂತೆ ಆಗಿಬಿಟ್ಟರು. ಅವರ ಮನೆತನಕ್ಕೆ ಹೆಳವರಿಲ್ಲ ಎಂಬ ಸಣ್ಣ ಸಿಟ್ಟು ಅವರಿಗೆ ನನ್ನ ಮೇಲಿದೆ. ಆ ಸಿಟ್ಟನ್ನು ವಿಮಾನದಲ್ಲೂ ಎರಡು ಸಲ ಹೊರಗೆ ತೆಗೆದರು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಗಂಟೆ ಮೂರು ಸಲ ಯಂತ್ರದೊಳಗೆ ಹೋಗಿ ಬಂತು. ನಾಲ್ಕನೆಯ ಸಲ ಅಧಿಕಾರಿ ತಾನೇ ಅದನ್ನು ಬಾರಿಸಿ ನೋಡಿದ. ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕಿ ಕೈ ಮುಗಿದಳು, ಅವನು ಗಾಬರಿಯಾಗಿ ಗಂಟೆ ಹಿಂದಕ್ಕೆ ಕೊಟ್ಟ. ಕೆಂಪು ಬಟ್ಟೆ ಸುತ್ತಿದ ಪುಸ್ತಕವನ್ನು ಮಾತ್ರ ನಾನು ಯಾರ ಕೈಗೂ ಕೊಡಲಿಲ್ಲ. ನಾನೇ ಬಿಚ್ಚಿ ಒಂದೊಂದು ಹಾಳೆ ತಿರುವಿ ತೋರಿಸಿದೆ.

ಸೋಲ್

ನಮ್ಮನ್ನು ಕರೆದೊಯ್ಯಲು ಬಂದವಳು ಮಿಹ್ವಾ. ಐವತ್ತು ದಾಟಿದ ಹೆಂಗಸು, ಮೋಟು ಕೂದಲು, ಬಿರುಸು ನಡಿಗೆ. ಸಭೆಗೆ ಬಂದ ಚೀನಾದವರಿಗೂ ನಮಗೂ ಅವಳೊಬ್ಬಳೇ ದುಭಾಷಿ. ಚೀನಾದ ಈಶಾನ್ಯ ಮೂಲೆಯಲ್ಲಿ, ಕೊರಿಯಾ ಮೂಲದವರು ಬಹಳ ಇರುವ ಯಾನ್‌ಬಿಯನ್ ಎಂಬ ಸೀಮೆಯಿದೆ, ಅದು ಅವಳ ಹುಟ್ಟೂರಿನ ಕಡೆ. ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ಈಗ ಕೊರಿಯಾದ ರಾಜಧಾನಿ ಸೋಲ್‌ನ ಒಂದು ಖಾನಾವಳಿಯಲ್ಲಿ ಅಡುಗೆ ಮಾಡುತ್ತಾಳೆ. ಇಂಥ ಸಭೆ ಇದ್ದಾಗ ರಜೆ ಹಾಕಿ ಬರುತ್ತಾಳೆ.

ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ನಜೀರ್ ಸರ್ ನಮ್ಮ ಮಾತಿನಲ್ಲಿ ನನಗೆ ಹೇಳುತ್ತಿದ್ದರು. ಹೀಗಾಗಿ ನನ್ನ ನೆನಪಿನಲ್ಲಿ ಕೊರಿಯಾದವರು, ಚೀನಾದವರು ಎಲ್ಲರೂ ಸವಣೂರ ಕನ್ನಡವನ್ನೇ ಆಡುತ್ತಾರೆ. ನಾನು ಇಲ್ಲಿ ಹಾಗೆಯೇ ಬರೆಯುತ್ತೇನೆ.

ಕೊರಿಯಾದವರು ಮೊದಲು ಕೇಳುವುದು ವಯಸ್ಸು. ಯಾರು ಯಾರನ್ನು ಹೇಗೆ ಮಾತಾಡಿಸಬೇಕು, ಯಾರು ಮೊದಲು ಊಟಕ್ಕೆ ಕೈ ಹಾಕಬೇಕು ಎಲ್ಲವೂ ಅದರ ಮೇಲೆ ನಿಂತಿದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ಯಾವೂರು, ಯಾರ ಪೈಕಿ ಎಂದು ಕೇಳುತ್ತಾನಲ್ಲ, ಹಾಗೆ. ನನಗೆ ಈ ಜನ ಕೂಡಲೇ ಹಿಡಿಸಿದರು. ಹಿಡಿಸದ್ದೆಂದರೆ ಅವರ ಮನೆಯ ನೆಲ. ನೆಲದ ಕೆಳಗೆ ಬಿಸಿ ಹಾಯಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಸಂಜೆ ಸ್ವಲ್ಪ ಮೈ ಚಾಚೋಣವೆಂದು ಮಲಗಿದವನು, ಕೆಳಗಿನ ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗುತ್ತ ಧೋತರದಲ್ಲೇ ಹೊರಗೆ ಓಡಿದೆ.

ಊಟಕ್ಕೆ ಹೋದ ಕಡೆ ಮಿಹ್ವಾ ಎರಡು ಮಾತಾಡಿದ್ದೇ ತಡ, ಬಡಿಸುವ ಹೆಂಗಸು ಏನೋ ಕೇಳಿದಳು. ಮಿಹ್ವಾ ನಕ್ಕು ಹೌದೆಂದಳು. ಆಮೇಲೆ ನಮಗೆ ಬಿಡಿಸಿ ಹೇಳಿದಳು.

"ಚೀನಾದಾಕೀನ ಅಂತ ಕೇಳಿದ್ಳ್ರಿ. ಅಲ್ಲಿ ನನ್ನ ಗುರುತಿನ ಚೀಟಿ ಮ್ಯಾಲ ಕೊರಿಯಾದ ಜನ ಅಂತ ಅಚ್ಚ ಹೊಡದಾರ. ಇಲ್ಲಿ ಬಾಯಿ ತಗದ್ರ ಸಾಕು, ಚೀನಾದಾಕಿ ಅಂತಾರ."

"ಮತ್ತ ನೀವು ಏನಂತೀರಿ?" ನಜೀರ್ ಸರ್ ಕೇಳಿದರು.

"ಹೊಟ್ಟಿ ಹಸದೈತಿ ಅಂತೇನ್ರಿ," ಎಂದು ಅವಳು ತಟ್ಟೆ ಮುಂದಕ್ಕೆಳೆದುಕೊಂಡಳು.

ಮರುದಿನ ಅವಳ ಕಡೆಯವರು ವಾಸಿಸುವ ಓಣಿಗೆ ಕರೆದೊಯ್ದಳು. ಅಂಗಡಿಯ ಹಲಗೆಗಳ ಮೇಲೆ ಚೀನಾದ, ಕೊರಿಯಾದ ಎರಡೂ ಲಿಪಿ. ಜೀರಿಗೆ ಉದುರಿಸಿ ಕೆಂಡದ ಮೇಲೆ ಸುಡುತ್ತಿದ್ದ ಕುರಿ ಮಾಂಸದ ವಾಸನೆಗೆ ಸರ್ ಹಾದಿ ತಪ್ಪುವುದರಲ್ಲಿದ್ದರು. ನನಗೆ ಗೋವಿನಜೋಳದ ಶಾವಿಗೆ ತಿನ್ನಿಸಿದಳು. ನಮ್ಮ ಹಿರೇಕೆರೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಕೋಳಿಯ ಮೇವಿಗೆ ಹೋಗುವ ಗೋವಿನಜೋಳ ಇಷ್ಟು ನಯವಾಗಿ ಗಂಟಲಿಗಿಳಿಯುತ್ತದೆಂದು ನನಗೆ ಈ ವಯಸ್ಸಿಗೆ ಗೊತ್ತಾಯಿತು.

ವಿಶ್ವವಿದ್ಯಾಲಯದ ಊರು

ಸಭೆಗೆ ಬಂದವರಲ್ಲಿ ಇಬ್ಬರು ಮುದುಕರು ನನಗೆ ಬಹಳ ಇಷ್ಟವಾದರು. ಒಬ್ಬರು ಚೀನಾದ ಶಾನ್‌ಡೊಂಗ್ ಪ್ರಾಂತ್ಯದ ಗಾವ್ ಅಜ್ಜ, ತಮ್ಮ ಮನೆತನದ ಪುಸ್ತಕ ಕಾಯುವವರು. ಇನ್ನೊಬ್ಬರು ಕೊರಿಯಾದ ಒಂದು ದೊಡ್ಡ ಮನೆತನದ ಹಿರಿಯರು, ಎಂಬತ್ತು ವರ್ಷ, ಬೆನ್ನು ಇನ್ನೂ ನೆಟ್ಟಗೆ. ನಾವು ಅವರನ್ನು ಯಜಮಾನರು ಎಂದೆವು.

ಗಾವ್ ಅಜ್ಜನಿಗೆ ಕೊರಿಯಾದ ಮಾತು ಬಾರದು, ಯಜಮಾನರಿಗೆ ಚೀನಾದ ಮಾತು ಬಾರದು. ಆದರೂ ಇಬ್ಬರೂ ತಾಸುಗಟ್ಟಲೆ ಹರಟೆ ಹೊಡೆದರು. ಒಬ್ಬರು ಕಾಗದದ ಮೇಲೆ ನಾಲ್ಕು ಅಕ್ಷರ ಬರೆಯುವುದು, ಇನ್ನೊಬ್ಬರು ತಲೆದೂಗಿ ಕೆಳಗೆ ಐದು ಬರೆಯುವುದು. ಕೊರಿಯಾದ ಹಳೆಯ ಓದಿನವರೆಲ್ಲ ಚೀನಾದ ಅಕ್ಷರ ಕಲಿತವರು, ಉಚ್ಚಾರ ಮಾತ್ರ ತಮ್ಮದು. ಹಿಂದೆ ಎರಡು ದೇಶದ ರಾಯಭಾರಿಗಳೂ ಹೀಗೆಯೇ ಮಾತಾಡುತ್ತಿದ್ದರು ಎಂದು ನಜೀರ್ ಸರ್ ಹೇಳಿದರು. ಊಟದ ಹೊತ್ತಿಗೆ ಅದೇ ಕಾಗದದ ಮೇಲೆ ಜಗಳವೂ ಆಯಿತು. ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸು ಯಾರದ್ದು ಎಂಬುದು ತಕರಾರು. ಗಾವ್ ಅಜ್ಜ ಇದು ನಮ್ಮ ಹುಳಿಕೋಸಿನ ಮೊಮ್ಮಗ ಎಂದು ಬರೆದರಂತೆ. ಯಜಮಾನರು ಪೆನ್ನು ಮುರಿಯುವ ಹಾಗೆ ಅಲ್ಲವೆಂದು ಬರೆದರು. ಮಿಹ್ವಾ ಇಬ್ಬರಿಗೂ ಇನ್ನೊಂದಿಷ್ಟು ಬಡಿಸುತ್ತ, "ನಮ್ಮನ್ಯಾಗ ಎರಡೂ ಗಡಿಗಿ ಇರ್ತಿದ್ವು. ಎರಡೂ ಖಾಲಿ ಆಗ್ತಿದ್ವು," ಎಂದಳು.

ಯಜಮಾನರ ಮನೆತನದ ಮೂಲ ಪುರುಷ ಚೀನಾದವನು. ನಾನೂರು ವರ್ಷಗಳಿಗೂ ಹಿಂದೆ ಜಪಾನಿನವರು ಕೊರಿಯಾದ ಮೇಲೆ ಬಿದ್ದಾಗ ಚೀನಾದ ಮಿಂಗ್ ದೊರೆ ನೆರವಿಗೆ ದಂಡು ಕಳಿಸಿದ. ಆ ದಂಡಿನಲ್ಲಿ ಬಂದ ಒಬ್ಬ ಸಿಪಾಯಿ ಗಾಯಗೊಂಡು ಒಂದು ಹಳ್ಳಿಯಲ್ಲಿ ಉಳಿದ. ಆರೈಕೆ ಮಾಡಿದವರ ಮಗಳನ್ನೇ ಮದುವೆಯಾಗಿ ಅಲ್ಲೇ ಬೇರು ಬಿಟ್ಟ. ಅವನ ಊರು ಶಾನ್‌ಡೊಂಗ್ ಕಡೆ ಎಂದು ಪುಸ್ತಕದ ಮೊದಲ ಹಾಳೆಯಲ್ಲಿದೆ. ಅದನ್ನು ಕೇಳಿದ್ದೇ ಗಾವ್ ಅಜ್ಜ ಎದ್ದು ಯಜಮಾನರ ಎರಡೂ ಕೈ ಹಿಡಿದರು. ಯಜಮಾನರ ಕಣ್ಣಲ್ಲಿ ನೀರಾಡಿತು. ಮೂಲ ಊರಿನವರೊಬ್ಬರು ಸಿಕ್ಕರಲ್ಲ, ಸಣ್ಣ ಮಾತೇನು?

ನನ್ನ ಸರದಿ ಬಂದಾಗ ಯಜಮಾನರು ಒಂದು ಪಂಥ ಕಟ್ಟಿದರು. ತಮ್ಮ ಸಾಲನ್ನು ಎರಡು ಸಲ ಹೇಳುತ್ತೇನೆ, ನೆನಪಿಟ್ಟು ಹೇಳು ಎಂದರು. ಮೂಲ ಪುರುಷನಿಂದ ಅವರವರೆಗೆ ಹದಿನಾಲ್ಕು ತಲೆಮಾರು, ನಮ್ಮ ಮಾತಿನಲ್ಲಿ ಹದಿನಾಲ್ಕು ತಲೆ. ನಾನು ಹೇಳಿ ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ನನಗೆ ತಲೆ ತಿರುಗುವಷ್ಟು ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

"ಮೂರ ದಿನಕ್ಕ ನಮ್ಮೂರಾಗ ಹಿರಿಯರ ಪೂಜಿ ಐತಿ," ಎಂದರು ಯಜಮಾನರು. "ಅಲ್ಲಿ ಎಲ್ಲಾರ ಮುಂದ ಹೇಳ್ರಿ. ಪೂರ್ತಿ ಹೇಳ್ರಿ."

ಬಸ್ಸಿನಲ್ಲಿ

ಆ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಮಿಹ್ವಾ ಮೊದಲಿನಂತಿರಲಿಲ್ಲ. ಕಿಟಕಿಯಾಚೆ ಎಲೆ ಉದುರಿದ ಮರಗಳಲ್ಲಿ ಕೆಂಪಗೆ ಹಣ್ಣು ತೂಗುತ್ತಿದ್ದವು. ನಾನು ಏನೆಂದು ಕೇಳಿದರೂ ಅವಳಿಗೆ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಚೀಲದಿಂದ ಮಡಿಕೆ ಹಾಕಿದ ಕಾಗದ ತೆಗೆದು, ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡಳು. ಕೈಬರಹದ ಹೆಸರುಗಳು. ಮೊದಲ ಹೆಸರು ಕೇಳಿದೊಡನೆ ನಾನು ಬೆಚ್ಚಿದೆ. ಅದು ಯಜಮಾನರ ಮೂಲ ಪುರುಷನ ಹೆಸರು.

ಅವಳು ಹೇಳಿದ್ದು ಇಷ್ಟು. ಒಂಬತ್ತನೆಯ ತಲೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣನ ಸಾಲಿನಲ್ಲಿ ಯಜಮಾನರು ಬರುತ್ತಾರೆ. ಬರ ಬಿದ್ದ ಒಂದು ವರ್ಷ ಆ ತಮ್ಮನು ಹೆಂಡತಿಯನ್ನು ಕರೆದುಕೊಂಡು ಉತ್ತರ ದಿಕ್ಕಿಗೆ ನಡೆದ, ತುಮೆನ್ ನದಿ ದಾಟಿ ಚೀನಾ ಸೇರಿದ. ಅವನು ಮಿಹ್ವಾಳ ಮುತ್ತಜ್ಜನ ಅಪ್ಪ. ಅಲ್ಲಿ ಭತ್ತ ಬೆಳೆದರು, ತಮ್ಮ ಭಾಷೆಯ ಶಾಲೆ ಕಟ್ಟಿಕೊಂಡರು, ಹೆಸರಿಡುವಾಗ ಮನೆತನದ ಕಟ್ಟಳೆ ಬಿಡಲಿಲ್ಲ. ಆ ಮನೆತನದಲ್ಲಿ ಒಂದು ತಲೆಯ ಗಂಡುಮಕ್ಕಳಿಗೆಲ್ಲ ಹೆಸರಿನಲ್ಲಿ ಒಂದೇ ಅಕ್ಷರ ಸೇರಿಸುತ್ತಾರೆ, ಮುಂದಿನ ತಲೆಗೆ ಇನ್ನೊಂದು. ಆದರೆ ಇಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ತಮ್ಮನ ಹೆಸರಿನ ಕೆಳಗೆ 'ಸಂತತಿ ಇಲ್ಲ' ಎಂದು ಬರೆದುಬಿಟ್ಟಿದ್ದಾರೆ.

"ಅಪ್ಪ ಸಾಯೂತನಕ ಅದೊಂದ ಕೇಳಿದಾ. ನಮ್ಮ ಹೆಸರು ಪುಸ್ತಕದಾಗ ಕೂಡಸು ಅಂತ. ನಾ ಸೋಲ್‌ಗೆ ಬಂದದ್ದು ದುಡ್ಯಾಕ ಖರೆ, ಅದರ ಜೊತಿಗೆ ಇದೂ ಇತ್ತು. ಮನೆತನದ ಸಂಘಕ್ಕ ಕಾಗದಾ ಬರದೆ. ಸರಕಾರಿ ಪುರಾವೆ ತರ್ರಿ, ಹೆಸರು ಯಾರ ಬೇಕಾದ್ರೂ ನಕಲ ಮಾಡ್ತಾರ ಅಂತ ಉತ್ತರಾ ಬಂತು. ನೂರೈವತ್ತು ವರ್ಷದ ಹಿಂದ ಹಸಗೊಂಡು ಹೋದಾಂವ ಯಾವ ಕಚೇರಿಗೆ ಹೇಳಿ ಹೋಗ್ಯಾನ್ರಿ?"

"ಯಜಮಾನರಿಗೆ ನೀವು ಯಾರಂತ ಗೊತ್ತೈತೇನ್ರಿ?" ನಾನು ಕೇಳಿದೆ.

"ಇಲ್ರಿ. ಆ ಉತ್ತರಾ ಸಂಘದ ಕಾರ್ಯದರ್ಶಿ ಬರದದ್ದು. ನಾ ಬರೇ ದುಭಾಷಿ ಆಗಿ ಹೊಂಟೇನಿ. ಅಪ್ಪ ಹೇಳ್ತಿದ್ದ ಆ ಗುಡ್ಡಾ ಒಮ್ಮೆ ನೋಡಿ ಬರ್ತೇನಿ. ಮತ್ತ ಕೈಚಾಚಿ ನಿಂದ್ರೂದು ಬ್ಯಾಡ. ನೀವೂ ಏನೂ ಅನಬ್ಯಾಡ್ರಿ."

ನಾನು ಅನ್ನುವುದಿಲ್ಲ ಎಂದೆ. ಪುಸ್ತಕದ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಮೇಲೆ ಸುಮ್ಮನಿರಲಾರದೆ ಅವಳ ಸಾಲನ್ನು ಎರಡು ಸಲ ಹೇಳಿಸಿಕೊಂಡೆ. ಸಾಲು ಸಿಕ್ಕರೆ ಬಾಯಿಪಾಠ ಮಾಡದೆ ಬಿಡುವುದು ನಮ್ಮ ಜಾತಿಗೆ ಆಗದ ಮಾತು.

ಗುಡ್ಡದ ಹಳ್ಳಿ

ಪೂಜೆ ಮಧ್ಯಾಹ್ನದ ಹೊತ್ತಿಗೆ, ಮೂಲ ಪುರುಷನ ಸಮಾಧಿಯ ಮುಂದೆ. ಗುಡ್ಡದ ಓರೆಯಲ್ಲಿ ಹುಲ್ಲು ಹೊದ್ದ ದುಂಡನೆಯ ದಿಬ್ಬ. ಬಿಳಿ ನಿಲುವಂಗಿ ತೊಟ್ಟ ಗಂಡಸರು ತಲೆಮಾರಿನ ಪ್ರಕಾರ ಸಾಲಾಗಿ ನಿಂತರು. ವಯಸ್ಸು ಅಲ್ಲಿ ನಡೆಯುವುದಿಲ್ಲ, ಸಾಲಿನಲ್ಲಿ ಮೇಲಿದ್ದವನು ಚಿಕ್ಕವನಾದರೂ ಮುಂದೆ. ಗಾವ್ ಅಜ್ಜನನ್ನು ಮೂಲ ಊರಿನವರೆಂದು ಎಲ್ಲರಿಗಿಂತ ಮುಂದೆ ಕರೆದು ನಿಲ್ಲಿಸಿದರು. ಮಿಹ್ವಾ ಎಲ್ಲರ ಹಿಂದೆ, ನಮ್ಮ ಕೋಟು, ಚೀಲಗಳನ್ನು ತೋಳಿಗೆ ಹಾಕಿಕೊಂಡು ನಿಂತಿದ್ದಳು. ಅವಳು ದಿಬ್ಬವನ್ನು ನೋಡುತ್ತಿದ್ದ ರೀತಿ ನನಗೆ ನೋಡಲಾಗಲಿಲ್ಲ.

ಪೂಜೆಯಾದ ಮೇಲೆ ಯಜಮಾನರು ನನ್ನನ್ನು ಕರೆದರು. ನಾನು ಗಂಟೆ ಬಾರಿಸಿ ಶುರು ಮಾಡಿದೆ. ನಮ್ಮ ಹೇಳಿಕೆಗೆ ಒಂದು ಧಾಟಿಯಿದೆ, ಇಂಥವನ ಹೊಟ್ಟೆಯಲ್ಲಿ ಇಂಥವನು ಎಂದು ಒಂದೊಂದೇ ಹೆಸರು ಇಳಿಯುತ್ತ ಹೋಗುತ್ತದೆ. ಹೆಸರುಗಳಿಗೆ ಅನುವಾದ ಬೇಕಿರಲಿಲ್ಲ. ಒಂದೊಂದು ಹೆಸರಿಗೂ ಯಾರೋ ಒಬ್ಬರು ಹೂಂಗುಟ್ಟುತ್ತಿದ್ದರು. ಒಂಬತ್ತನೆಯ ತಲೆಗೆ ಬಂದೆ. ಇಬ್ಬರು ಅಣ್ಣತಮ್ಮಂದಿರು. ತಮ್ಮನ ಹೆಸರು ಹೇಳಿ, ಅವರ ಪುಸ್ತಕದಲ್ಲಿದ್ದಂತೆ ಸಂತತಿ ಇಲ್ಲ ಎಂದು ಮುಗಿಸಿ, ಅಣ್ಣನ ಸಾಲು ಹಿಡಿಯಬೇಕು. ಅಷ್ಟೇ ಕೆಲಸ.

ಆದರೆ ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರೆ ಎರಡು ಸಾಲನ್ನೂ ಜೋಡಿಯಾಗಿ ಇಳಿಸುತ್ತೇವೆ, ಅಣ್ಣನ ಮಗ, ಕೂಡಲೇ ತಮ್ಮನ ಮಗ. ಒಬ್ಬನನ್ನು ಬಿಟ್ಟರೆ ಹೆಳವನ ನಾಲಿಗೆಗೆ ದೋಷ ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಹದಿನೇಳನೆಯ ವಯಸ್ಸಿನಿಂದ ಓಡಿದ ನಾಲಿಗೆ. ಅಣ್ಣನ ಮಗನ ಹೆಸರು ಬಂತು, ಅದರ ಬೆನ್ನಿಗೇ ತಮ್ಮನ ಮಗನ ಹೆಸರೂ ಬಂತು. ಹತ್ತು, ಹನ್ನೊಂದು, ಹನ್ನೆರಡು. ಜೋಡಿ ಹೆಸರುಗಳಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಕೇಳಿ ಜನ ತಲೆಯೆತ್ತಿದರು. ಹದಿಮೂರನೆಯ ತಲೆಯಲ್ಲಿ ಯಜಮಾನರ ತಂದೆಯ ಹೆಸರಿನ ಜೊತೆಗೆ "ಮಿಹ್ವಾ" ಎಂದುಬಿಟ್ಟೆ. ಮರೆತು ಅಂದೆನೋ ಬೇಕಂತಲೇ ಅಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಎಲ್ಲರ ಕಣ್ಣು ಹಿಂದೆ ನಿಂತವಳ ಕಡೆ ತಿರುಗಿತು.

ಮೊದಲು ಮಾತಾಡಿದವನು ಕಾರ್ಯದರ್ಶಿ, ನನಗಿಂತ ಚಿಕ್ಕವನು. "ಕಾಗದಾ ಬರದಾಕಿ ನೀನ ಏನು? ಪರದೇಶಿ ಮನಶ್ಯಾನ ಬಾಯಾಗ ಹೆಸರು ತುರಕಿ ತಂದಿಯೇನು?" ಎಂದ. ಬಳಿಕ ಬೆರಳು ಮಡಚಿ ಎಣಿಸಿ ದೊಡ್ಡದಾಗಿ ನಕ್ಕ. "ಹಂಗಾದ್ರ ಈಕಿ ಯಜಮಾನರ ಅಪ್ಪಗ ತಂಗಿ, ನಮ್ಮ ಯಜಮಾನರಿಗೆ ಅತ್ತಿ ಆಗಬೇಕಲ್ಲ!" ಸುತ್ತ ನಿಂತವರೂ ನಕ್ಕರು. ಇದನ್ನೆಲ್ಲ ನಮಗೆ ಅನುವಾದ ಮಾಡಿದವಳು ಅವಳೇ, ಬೇರೆ ಯಾರಿದ್ದರು? ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ ಪ್ರತಿ ಮಾತನ್ನೂ ಹೇಳಿದಳು.

ಯಜಮಾನರು ನಗಲಿಲ್ಲ. "ನಿಮ್ಮ ಅಪ್ಪನ ಸಮಾಧಿ ಎಲ್ಲೈತಿ?" ಎಂದು ಕೇಳಿದರು.

"ಇಲ್ರಿ. ಅಲ್ಲಿ ಸುಡತೇವಿ. ಬೂದಿ ತುಮೆನ್ ನದಿಗೆ ಬಿಟ್ಟೇವಿ. ತೇಲಿ ಕೊರಿಯಾದ ಕಡಿ ದಂಡೀಗೆ ಹತ್ಲಿ ಅಂತ ಅಪ್ಪನ ಹೇಳಿದ್ದ."

ಯಜಮಾನರು ಪುಸ್ತಕ ಮಡಚಿ ಬಟ್ಟೆ ಸುತ್ತಿಕೊಂಡು ಗುಡ್ಡ ಇಳಿದರು. ಜೋಳಿಗೆ ಒಡ್ಡಲು ನನಗೆ ಧೈರ್ಯ ಬರಲಿಲ್ಲ.

ಮಿಹ್ವಾ ಇಳಿಜಾರಿನಲ್ಲಿ ನನ್ನ ಪಕ್ಕಕ್ಕೆ ಬಂದಳು. "ನಾ ಬ್ಯಾಡ ಅಂದಿದ್ನಲ್ರಿ," ಎಂದಳು. ಸಿಟ್ಟಿಗಿಂತ ದಣಿವು ಹೆಚ್ಚಿತ್ತು ಆ ದನಿಯಲ್ಲಿ. ನಾನು ತಪ್ಪಾಯಿತೆಂದೆ. ನಜೀರ್ ಸರ್ ಅದನ್ನು ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದರು, ಅವರದೇ ತಪ್ಪೇನೋ ಎಂಬಂತೆ.

ಯಜಮಾನರ ಮನೆ

ಇನ್ನೂ ಬೆಳಕಿತ್ತು. ಸುಮ್ಮನಿರಲಾಗಲಿಲ್ಲ. ನನ್ನ ಪುಸ್ತಕ ಹಿಡಿದುಕೊಂಡು ಯಜಮಾನರ ಮನೆಗೆ ಹೊರಟೆ. ಸರ್ ಜೊತೆಗೆ ಬಂದರು. ದುಭಾಷಿ ಇಲ್ಲದೆ ಆಗುವುದಿಲ್ಲವಲ್ಲ, ಮಿಹ್ವಾಳೂ ಬಂದಳು. ಹೊಸ್ತಿಲೊಳಗೆ ಬರುವಾಗ, "ನಾ ಕೂಲಿ ಮಾಡಾಕ ಬಂದೇನಿ, ಹೇಳಿದ್ದಷ್ಟ ಹೇಳ್ತೇನಿ," ಎಂದಳು.

ನಾನು ಪುಸ್ತಕ ಬಿಚ್ಚಿ ನಮ್ಮ ಕಡೆಯ ದುಂಡಸಿ ಎಂಬ ಊರಿನ ಒಂದು ಮನೆತನದ ಹಾಳೆ ತೋರಿಸಿದೆ. ಒಂದು ಹೆಸರು, ಅದರ ಮುಂದೆ 'ದೇಶಾಂತರ ಹೋದ' ಎಂಬ ಮಾತು, ಕೆಳಗೆ ಅರ್ಧ ಹಾಳೆ ಖಾಲಿ.

"ಸತ್ತದ್ದು ಕಣ್ಣಿಂದ ಕಾಣೂತನಕ ನಾವು ಸಂತತಿ ಇಲ್ಲ ಅಂತ ಬರಿಯಾಂಗಿಲ್ರಿ. ಹೋದಾಂವಗ ಜಾಗಾ ಬಿಡತೇವಿ. ಇಂವ ಹೋದದ್ದು ನಮ್ಮಜ್ಜನ ಕಾಲದಾಗ. ನಮ್ಮಪ್ಪನ ಕಾಲದಾಗೂ ಯಾರೂ ಬರಲಿಲ್ಲ. ನನ್ನ ಕಾಲದಾಗೂ ಬಂದಿಲ್ಲ. ಜಾಗಾ ಹಂಗ ಐತಿ."

ಯಜಮಾನರು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದರು. "ಕಳ್ಳರು ಬಂದು ನಾ ಅವನ ಮೊಮ್ಮಗ ಅಂದ್ರ?"

"ಬರ್ತಾರ್ರಿ. ಹೊಲದಾಗ ಪಾಲ ಕೇಳಾಕ ಬರ್ತಾರ. ಅಪ್ಪನ ಹೆಸರಷ್ಟ ಬರೀರಿ ಅಂತ ಕೇಳಾಕ ಬಂದ ಕಳ್ಳನ್ನ ನಾ ಇನ್ನೂ ಕಂಡಿಲ್ಲ."

ಮಿಹ್ವಾ ಇದನ್ನು ಯಾರದೋ ಸುದ್ದಿಯೆಂಬಂತೆ ಹೇಳಿದಳು. ಕಡೆಯ ಮಾತನ್ನು ಮಾತ್ರ ನೆಲ ನೋಡುತ್ತ ಹೇಳಿದಳು. ಯಜಮಾನರು ನನ್ನನ್ನು ಬಿಟ್ಟು ಅವಳನ್ನೇ ನೋಡುತ್ತ ಮಾತಾಡಿದರು.

"ನಾ ಆರ ವರ್ಷದಾಂವ ಇದ್ದೆ. ಉತ್ತರ ಕೊರಿಯಾ ದಕ್ಷಿಣ ಕೊರಿಯಾ ಅಂತ ದೇಶದಾಗ ಯುದ್ಧ ಹತ್ತಿತ್ತು. ಚೀನಾದ ದಂಡು ನದಿ ದಾಟಿ ಬಂತು. ಅದರ ಕೈಯಾಗ ನಮ್ಮಪ್ಪ ಸತ್ತಾ. ಆ ದಂಡಿನ್ಯಾಗ ನಮ್ಮ ಮಾತ ಆಡಾವ್ರೂ ಇದ್ರಂತ. ನಿಮ್ಮನ್ಯಾಗಿಂದ ಯಾರರ ಇದ್ರೇನು?"

ಮಿಹ್ವಾ ನಮಗೆ ಅನುವಾದ ಮಾಡುವುದನ್ನು ಮರೆತಳು. ಅವರಿಗೆ ಉತ್ತರ ಕೊಟ್ಟ ಮೇಲೆಯೇ ನಮ್ಮ ಕಡೆ ತಿರುಗಿ ಹೇಳಿದಳು. ಅವಳ ಅಜ್ಜನ ತಮ್ಮ ಆ ದಂಡಿನಲ್ಲಿದ್ದ. ಅವನು ತಿರುಗಿ ಬರಲೇ ಇಲ್ಲ. ಹೆಣವೂ ಬರಲಿಲ್ಲ.

ಒಮ್ಮೆ ಕಾಯಲು ಬಂದ ದಂಡು, ಇನ್ನೊಮ್ಮೆ ಕೊಲ್ಲಲು ಬಂದ ದಂಡು, ನಡುವೆ ಹೊಟ್ಟೆಗಾಗಿ ಆ ಕಡೆ ಈ ಕಡೆ ದಾಟಿದ ಜನ. ಮೊದಲನೆಯ ಸಿಪಾಯಿಗೆ ಗುಡ್ಡದ ಮೇಲೆ ಪೂಜೆ. ಎರಡನೆಯವನು ಎಲ್ಲಿ ಬಿದ್ದನೋ ಯಾರಿಗೂ ಗೊತ್ತಿಲ್ಲ. ಇಬ್ಬರೂ ಒಂದೇ ಮನೆಯವರು. ನಜೀರ್ ಸರ್ ಮೆಲ್ಲಗೆ ನನ್ನ ತೋಳು ಹಿಡಿದು ಎಬ್ಬಿಸಿದರು. ಯಜಮಾನರು ನಮ್ಮನ್ನು ಕಳಿಸಲು ಏಳಲಿಲ್ಲ.

ಹೊರಡುವ ಬೆಳಿಗ್ಗೆ

ಮರುದಿನ ಬಸ್ಸಿಗೆ ಚೀಲ ಹಾಕುತ್ತಿದ್ದಾಗ ಕಾರ್ಯದರ್ಶಿ ಬಂದು ಯಜಮಾನರು ಕರೆಯುತ್ತಿದ್ದಾರೆ ಎಂದ. ಅವನ ಮುಖ ಸಪ್ಪಗಿತ್ತು. ಗಾವ್ ಅಜ್ಜನೂ ಸೇರಿ ನಾವೆಲ್ಲ ಹೋದೆವು. ಪಡಸಾಲೆಯಲ್ಲಿ ಗಿಡ್ಡ ಮೇಜು, ಅದರ ಮೇಲೆ ಮನೆತನದ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ತೇಯ್ದ ಮಸಿ, ಕುಂಚ.

"ಅಚ್ಚಿನ ಪುಸ್ತಕಾ ಬದಲಾಗಬೇಕಂದ್ರ ಎಲ್ಲಾರೂ ಒಪ್ಪಬೇಕು. ನನ್ನ ಜೀವದಾಗ ಒಪ್ತಾರೋ ಇಲ್ಲೋ ಗೊತ್ತಿಲ್ಲ," ಎಂದರು ಯಜಮಾನರು. "ಇದು ನಮ್ಮ ಅಪ್ಪನ ಪುಸ್ತಕಾ. ಇದರಾಗ ಯಾರನ್ನ ಕೇಳೂದೂ ನನಗ ಬೇಕಾಗಿಲ್ಲ."

ಕುಂಚ ಅದ್ದಿ, ಒಂಬತ್ತನೆಯ ತಲೆಯ ತಮ್ಮನ ಹೆಸರಿನ ಕೆಳಗಿದ್ದ 'ಸಂತತಿ ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಮಿಹ್ವಾಳ ಮುಂದೆ ಚಾಚಿದರು. ಸುತ್ತ ನಿಂತಿದ್ದ ಮನೆಯ ಚಿಕ್ಕವರಲ್ಲಿ ಒಬ್ಬರಿಗೂ ಪುಸ್ತಕದ ಆ ಚೀನಾದ ಅಕ್ಷರ ಬರೆಯಲು ಬಾರದು. ಚೀನಾದ ಶಾಲೆಯಲ್ಲಿ ಕಲಿತ ಇವಳಿಗೆ ಬರುತ್ತದೆ.

ಅವಳು ಮಂಡಿಯೂರಿ ಕುಳಿತು ಹೆಸರುಗಳನ್ನು ಇಳಿಸಿದಳು. ಮುತ್ತಜ್ಜ, ಅಜ್ಜ. ಅಲ್ಲಿ ಯಜಮಾನರು ತಡೆದರು. ತಿರುಗಿ ಬರದವನ ಹೆಸರೇನು ಎಂದು ಕೇಳಿದರು. ಅವಳು ಹೇಳಿದಳು. ಬರಿ ಎಂದು ಬೆರಳಿಟ್ಟು ಜಾಗ ತೋರಿಸಿದರು. ಬಳಿಕ ಅವಳ ಅಪ್ಪನ ಹೆಸರು. ಅದನ್ನು ಬರೆಯಲು ಬಹಳ ಹೊತ್ತು ಹಿಡಿಯಿತು. ಮಸಿಯ ಮೇಲೆ ಕಣ್ಣೀರು ಬೀಳದಂತೆ ಅವಳು ಮುಖ ಓರೆ ಮಾಡಿಕೊಂಡಿದ್ದಳು. ನಾನು ಎಷ್ಟೋ ಮನೆಯ ಹೊಸ ಹೆಸರು ಬರೆದವನು, ಒಂದು ಹೆಸರು ಬರೆಯುವುದನ್ನು ನೋಡಿ ಅತ್ತದ್ದು ಅದೊಂದೇ ಸಲ. ಗಾವ್ ಅಜ್ಜ ಕೈ ಕಟ್ಟಿಕೊಂಡು ತಲೆ ಬಾಗಿಸಿ ನಿಂತಿದ್ದರು.

ಅಪ್ಪನ ಹೆಸರು ಮುಗಿಸಿ ಅವಳು ಕುಂಚ ಕೆಳಗಿಟ್ಟಳು. ಯಜಮಾನರು ಅದನ್ನು ಮತ್ತೆ ಎತ್ತಿಕೊಟ್ಟರು.

"ನಿಮ್ಮದು ಉಳೀತಲ್ಲ," ಎಂದರು. "ಬರೀರಿ, ಅತ್ತಿ."

ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿ ತಲೆ ತಗ್ಗಿಸಿದ. ಯಾರೂ ನಗಲಿಲ್ಲ. ಅವಳು ಎರಡು ಅಕ್ಷರ ಬರೆದು, ಮಸಿ ಆರುವವರೆಗೆ ನೋಡುತ್ತ ಕುಳಿತು, ನಿಧಾನವಾಗಿ ಎದ್ದಳು. ಅತ್ತೆ ನಿಂತಿರುವಾಗ ಅಳಿಯ ಕುಳಿತಿರಬಾರದಂತೆ. ಎಂಬತ್ತರ ಯಜಮಾನರು ಮೇಜಿಗೆ ಕೈಯೂರಿ, ಮೊಣಕಾಲು ಹಿಡಿದುಕೊಂಡು, ಅವಳಿಗಾಗಿ ಎದ್ದು ನಿಂತರು.